ಕುದುರೆಯ ಕಾಲೂತ: ಗಾಯ ಮಾಯ್ದ ಮೇಲೆ

ಮುಂಗಾಲಿನ ಮಂಡಿ ಅಥವಾ ಹಿಂಗಾಲಿನ ಹಾಕ್ ಕೀಲಿನಿಂದ ಕೆಳಗೆ ಆದ ಗಾಯ ಮಾಯ್ದು, ಮೇಲೆ ಕೂದಲು ಬಂದ ನಂತರವೂ ಆ ಕಾಲು ಜೊತೆಯ ಕಾಲಿಗಿಂತ ದಪ್ಪಗೆ ಉಳಿಯುವುದು ಕುದುರೆಗಳಲ್ಲಿ ತೀರ ಸಾಮಾನ್ಯ. ಊತ ಕೆಲವು ವಾರಗಳಲ್ಲಿ ಇಳಿಯಬಹುದು, ತಿಂಗಳುಗಟ್ಟಲೆ ಏರಿಳಿಯುತ್ತಿರಬಹುದು, ಕೆಲವು ಕುದುರೆಗಳಲ್ಲಿ ಆಯುಷ್ಯವಿಡೀ ಉಳಿದುಬಿಡಬಹುದು. ಕಾರಣಗಳು ಹಲವು. ದುಗ್ಧರಸ ನಾಳಗಳು ಹಾಳಾಗಿ ಕಾಲಿನಲ್ಲಿ ನೀರು ನಿಲ್ಲುವುದು, ಗಾಯದ ಜಾಗ ನಾರುಗಟ್ಟುವುದು, ಒಳಗೆ ಮುಳ್ಳೋ ಸತ್ತ ಮೂಳೆಯ ಚೂರೋ ಉಳಿದಿರುವುದು, ಚರ್ಮದಡಿಯ ಸೋಂಕು ಮರುಕಳಿಸುವುದು ಇವುಗಳಲ್ಲಿ ಮುಖ್ಯವಾದವು. ಮೊದಲ ಎರಡು ಬಹುಮಟ್ಟಿಗೆ ನೋಟದ ಕುಂದುಗಳು. ಕುದುರೆ ತನ್ನ ಕೆಲಸ ಮಾಡಿಕೊಂಡಿರುತ್ತದೆ. ಕೊನೆಯ ಎರಡನ್ನು ಹಾಗೇ ಬಿಟ್ಟರೆ ಕುದುರೆಯೇ ಕೈಬಿಟ್ಟುಹೋಗಬಹುದು. ದೂರದಿಂದ ನೋಡಿದವರಿಗೆ ಎಲ್ಲವೂ ಒಂದೇ ತರಹ ದಪ್ಪ ಕಾಲು. ಹಾಗಾಗಿ ಈ ಊತಕ್ಕೆ ಏನು ಹಚ್ಚಬೇಕು, ಏನು ಕಟ್ಟಬೇಕು ಎಂಬ ಪ್ರಶ್ನೆಗಿಂತ ಮೊದಲು ಇದು ಯಾವ ಊತ ಎಂಬುದು ತೀರ್ಮಾನವಾಗಬೇಕು.

ಕೆಳಗಾಲಿನ ರಚನೆ

ಸುಮಾರು 450ರಿಂದ 500 ಕೆ.ಜಿ. ತೂಗುವ ಕುದುರೆ ನಿಂತಿರುವುದು ನಾಲ್ಕು ಬೆರಳುಗಳ ತುದಿಯ ಮೇಲೆ. ಮಂಡಿ ಮತ್ತು ಹಾಕ್‌ನಿಂದ ಕೆಳಗೆ ಅದಕ್ಕೆ ಮಾಂಸಖಂಡ ಇಲ್ಲವೆಂದೇ ಹೇಳಬೇಕು. ಮುಂಭಾಗದಲ್ಲಿ ಉದ್ದನೆಯ ಕ್ಯಾನನ್ ಮೂಳೆ. ಅದರ ಬೆನ್ನಿಗೆ, ಆ ಮೂಳೆಯ ಕೆಳತುದಿಯಲ್ಲಿರುವ ಫೆಟ್‌ಲಾಕ್ ಕೀಲನ್ನು ಎತ್ತಿಹಿಡಿಯುವ ಸಸ್ಪೆನ್ಸರಿ ಲಿಗಮೆಂಟು. ಅದರ ಹಿಂದೆ ಕಾಲನ್ನು ಮಡಿಸುವ ಎರಡು ಸ್ನಾಯುರಜ್ಜುಗಳು. ಇಷ್ಟರ ಮೇಲೆ ಬಿಗಿಯಾದ ತೆಳು ಚರ್ಮ. ಆರೋಗ್ಯವಂತ ಕಾಲಿನಲ್ಲಿ ಈ ರಜ್ಜುಗಳ ಅಂಚನ್ನು ಬೆರಳಿನಿಂದ ಒಂದೊಂದಾಗಿ ಬಿಡಿಸಿ ಹಿಡಿಯಬಹುದು. ಊದಿದ ಕಾಲಿನಲ್ಲಿ ಮೊದಲು ಮರೆಯಾಗುವುದು ಈ ಅಂಚುಗಳೇ.

ರಕ್ತದ ಸೂಕ್ಷ್ಮನಾಳಗಳಿಂದ ಸ್ವಲ್ಪ ದ್ರವ, ಅದರೊಂದಿಗೆ ಸ್ವಲ್ಪ ಪ್ರೋಟೀನು, ಸುತ್ತಲಿನ ಅಂಗಾಂಶಕ್ಕೆ ಸದಾ ಸೋರುತ್ತಿರುತ್ತದೆ. ಈ ಸೋರಿಕೆಯ ಒತ್ತಡಗಳ ಲೆಕ್ಕವನ್ನು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ವಿವರಿಸಿದರು. ಸೋರಿದ್ದನ್ನು, ಅದರಲ್ಲೂ ರಕ್ತನಾಳಕ್ಕೆ ನೇರವಾಗಿ ಮರಳಲಾರದ ಪ್ರೋಟೀನನ್ನು, ಎತ್ತಿಕೊಂಡು ಹೋಗಿ ಎದೆಯ ಬಳಿಯ ದೊಡ್ಡ ಅಭಿಧಮನಿಗೆ ಸೇರಿಸುವುದು ದುಗ್ಧರಸ ನಾಳಗಳ ಕೆಲಸ. ಮನುಷ್ಯನ ಕಾಲಿನಲ್ಲಿ ಮೀನಖಂಡ ಬಿಗಿದು ಸಡಿಲಾದಾಗಲೆಲ್ಲ ಈ ನಾಳಗಳು ಹಿಂಡಿ ರಸ ಮೇಲೇರುತ್ತದೆ. ಕುದುರೆಯ ಕೆಳಗಾಲಿಗೆ ಆ ಅನುಕೂಲವಿಲ್ಲ. ಹೆಜ್ಜೆ ಊರಿದಾಗ ಗೊರಸಿನ ಅಡಿಯ ಮೆತ್ತನೆಯ ಭಾಗ ಅದುಮಬೇಕು, ಫೆಟ್‌ಲಾಕ್ ಬಾಗಿ ಮತ್ತೆ ನೆಟ್ಟಗಾಗಬೇಕು, ಚರ್ಮ ಹಿಗ್ಗಿ ಕುಗ್ಗಬೇಕು. ಆಗ ರಸ ಚಲಿಸುತ್ತದೆ. ಕುದುರೆಯ ದುಗ್ಧನಾಳಗಳ ಗೋಡೆಯಲ್ಲಿ ಹಿಂಡುವ ಸ್ನಾಯು ಕಡಿಮೆ, ಹಿಗ್ಗಿ ಕುಗ್ಗುವ ಎಳೆಗಳು ಹೆಚ್ಚು ಎಂಬುದನ್ನು ಜರ್ಮನಿಯ ಹ್ಯಾನೋವರಿನ ಅಂಗರಚನಾ ತಜ್ಞರು ತೋರಿಸಿದ್ದಾರೆ. ಅಂಥ ನಾಳ ತಾನಾಗಿ ಕೆಲಸ ಮಾಡುವುದು ಅಷ್ಟಕ್ಕಷ್ಟೆ, ಕಾಲು ಅಲುಗಾಡಿದರೆ ಮಾತ್ರ ಚುರುಕಾಗುತ್ತದೆ. ಕುದುರೆಯ ಮೈಯಲ್ಲಿ ಸುಮಾರು 8,000 ಸಣ್ಣಪುಟ್ಟ ದುಗ್ಧಗ್ರಂಥಿಗಳಿವೆ ಎಂದು ಅಂಗರಚನಾ ಗ್ರಂಥಗಳು ಹೇಳುತ್ತವೆ. ಕೆಳಗಾಲಿಗೆ ಸಿಗುವ ಮೊದಲ ಗ್ರಂಥಿ ಮುಂಗಾಲಿನಲ್ಲಾದರೆ ಮೊಣಕೈ ಕೀಲಿನ ಒಳಬದಿಯಲ್ಲಿದೆ, ಹಿಂಗಾಲಿನಲ್ಲಾದರೆ ಮೇಲ್ಗಾಲಿನ ಮಾಂಸದೊಳಗೆ ಮತ್ತು ತೊಡೆಸಂದಿನಲ್ಲಿದೆ. ಗೊರಸಿನಿಂದ ಅಲ್ಲಿಯವರೆಗೆ ರಸ ಏರಬೇಕಾದ ದೂರ ಕಡಿಮೆಯದಲ್ಲ.

ಲಾಯದಲ್ಲೇ ಕಟ್ಟಿಹಾಕಿದ ಕುದುರೆಗಳಿಗೆ, ಗಾಯವೇನೂ ಇಲ್ಲದಿದ್ದರೂ, ಬೆಳಗಿನ ಹೊತ್ತಿಗೆ ಎರಡೂ ಹಿಂಗಾಲು ತುಂಬಿಕೊಂಡಿರುವುದು ಇದೇ ಕಾರಣಕ್ಕೆ. ಅರ್ಧ ಗಂಟೆ ನಡೆಸಿದರೆ ಇಳಿಯುತ್ತದೆ. ರೇಸ್ ಲಾಯಗಳಲ್ಲಿ ಇದನ್ನು ಯಾರೂ ರೋಗವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ಗಾಯವಾದ ಕಾಲಿನ ಊತ ಈ ಸಹಜ ದೌರ್ಬಲ್ಯದ ಮೇಲೆ ಬಂದು ಕೂರುತ್ತದೆ.

ಗಾಯ ಮಾಯುವಾಗ ಆಗುವುದು

ಕುದುರೆಯ ಕೆಳಗಾಲಿನ ಗಾಯ ನಿಧಾನವಾಗಿ ಮಾಯುತ್ತದೆ. ಪಕ್ಕೆಯ ಮೇಲಿನ ಗಾಯದಲ್ಲಿ ಹೊಸ ಚರ್ಮ ದಿನಕ್ಕೆ ಸುಮಾರು 0.2 ಮಿ.ಮೀ. ಹರಿದರೆ ಕೆಳಗಾಲಿನಲ್ಲಿ ಅದು ಸುಮಾರು 0.09 ಮಿ.ಮೀ. ಮಾತ್ರ. ಮೈಮೇಲಿನ ಗಾಯ ಅಂಚುಗಳನ್ನು ಒಳಕ್ಕೆ ಎಳೆದುಕೊಂಡು ಚಿಕ್ಕದಾಗುತ್ತ ಹೋಗುತ್ತದೆ. ಕಾಲಿನ ಗಾಯದಲ್ಲಿ ಚರ್ಮ ಬಿಗಿಯಾಗಿರುವುದರಿಂದ ಮೊದಲ ಒಂದೆರಡು ವಾರ ಅದು ಅಗಲವಾಗುವುದೇ ಹೆಚ್ಚು. ನಡುವೆ ಕೆಂಪಗೆ, ಗಂಟುಗಂಟಾಗಿ ದುರ್ಮಾಂಸ ಎದ್ದು ಚರ್ಮದ ದಾರಿಗೆ ಅಡ್ಡ ಬರುತ್ತದೆ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಜೆಸಿಂತಾ ವಿಲ್ಮಿಂಕ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಕುದುರೆ ಮತ್ತು ಪೋನಿಗಳ ಗಾಯಗಳನ್ನು ಹೋಲಿಸಿ ನೋಡಿದರು. ಪೋನಿಯಲ್ಲಿ ಉರಿಯೂತ ಜೋರಾಗಿ ಎದ್ದು ಬೇಗ ಮುಗಿಯುತ್ತದೆ, ಕುದುರೆಯಲ್ಲಿ ಅದು ಮಂದವಾಗಿ ಶುರುವಾಗಿ ಮುಗಿಯದೆ ಎಳೆಯುತ್ತದೆ ಎಂಬುದು ಅವರಿಗೆ ಕಂಡುಬಂತು. ಈ ಎಳೆತವೇ ಮುಂದೆ ಊತವಾಗಿ ಉಳಿಯುವುದರ ಬೇರು.

ಗಾಯಗಳಲ್ಲಿ ತಂತಿಯ ಗಾಯ ಎಲ್ಲಕ್ಕಿಂತ ಕೆಟ್ಟದ್ದು. ಅಮೆರಿಕದ ಇಲಿನಾಯ್‌ನ ರೈತ ಜೋಸೆಫ್ ಗ್ಲಿಡನ್ 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಅಲ್ಲಿಂದ ಈಚೆಗೆ ಜಗತ್ತಿನಲ್ಲಿ ಎಲ್ಲೆಲ್ಲಿ ಬೇಲಿ ಬಂತೋ ಅಲ್ಲೆಲ್ಲ ಈ ಗಾಯವೂ ಬಂತು. ಸಿಕ್ಕಿಕೊಂಡ ಕುದುರೆ ಕಾಲನ್ನು ಹಿಂದಕ್ಕೆ ಜಗ್ಗುತ್ತದೆ, ತಂತಿ ಗರಗಸದಂತೆ ಸುತ್ತಲೂ ಕೊಯ್ಯುತ್ತದೆ. ಕಾಲಿನ ಉದ್ದಕ್ಕೆ ಸೀಳಿದ ಗಾಯಕ್ಕೂ ಅಡ್ಡಕ್ಕೆ ಸುತ್ತುವರಿದ ಗಾಯಕ್ಕೂ ಬಹಳ ವ್ಯತ್ಯಾಸ ಇದೆ. ಉದ್ದದ ಸೀಳಿನಲ್ಲಿ ಮೇಲೇರುವ ದುಗ್ಧನಾಳಗಳಲ್ಲಿ ಕೆಲವು ಮಾತ್ರ ಕಡಿಯುತ್ತವೆ, ಅಡ್ಡಗಾಯದಲ್ಲಿ ಸಾಲಾಗಿ ಕಡಿದುಹೋಗುತ್ತವೆ. ಮುಂದೆ ಅಲ್ಲಿ ಬೆಳೆಯುವ ನಾರಿನ ಪಟ್ಟಿಯನ್ನು ದಾಟಿ ಹೊಸ ನಾಳಗಳು ಮೇಲಿನವುಗಳ ಜೊತೆ ಕೂಡಿಕೊಳ್ಳುವುದು ಕಷ್ಟ. ಚರ್ಮ ಕೂಡಿಕೊಂಡಿತು, ಚರಂಡಿ ಕೂಡಿಕೊಳ್ಳಲಿಲ್ಲ.

ಆಮೇಲೆ ನಡೆಯುವುದು ಒಂದು ವಿಷಚಕ್ರ. ಪ್ರೋಟೀನು ತುಂಬಿದ ದ್ರವ ಅಂಗಾಂಶದಲ್ಲಿ ನಿಂತಿರುತ್ತದೆ. ನಿಂತ ಪ್ರೋಟೀನು ನಾರು ಹೆಣೆಯುವ ಕೋಶಗಳನ್ನು ಕೆರಳಿಸುತ್ತದೆ. ನಾರು ಹೆಚ್ಚಿದಷ್ಟೂ ಉಳಿದ ನಾಳಗಳು ಕಟ್ಟುತ್ತವೆ. ನಿಂತ ದ್ರವದಲ್ಲಿ ರಕ್ಷಣಾಕೋಶಗಳ ಓಡಾಟ ಕಡಿಮೆಯಾಗಿ, ಸಣ್ಣ ತರಚಿನಿಂದ ಒಳಹೊಕ್ಕ ಬ್ಯಾಕ್ಟೀರಿಯಾ ಸಹ ಕಾಲೆಲ್ಲ ಹಬ್ಬುತ್ತದೆ. ಒಂದೊಂದು ಸೋಂಕೂ ಇನ್ನಷ್ಟು ನಾಳಗಳನ್ನು ಕೆಡಿಸಿ ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಕಂಡು ಪರಿಚಯವಿರುವ ಆನೆಕಾಲು ರೋಗದಲ್ಲಿ ಮನುಷ್ಯನ ಕಾಲಿಗೆ ಆಗುವುದೂ ಇದೇ ಕ್ರಮದಲ್ಲಿ. ಅಲ್ಲಿ ನಾಳ ಕೆಡಿಸುವುದು ಹುಳು, ಇಲ್ಲಿ ಗಾಯ.

ಊತದ ಬಗೆಗಳು

ತಣ್ಣಗೆ, ಮೆತ್ತಗೆ ಇದ್ದು, ಬೆಳಗ್ಗೆ ಹೆಚ್ಚಿ, ನಡೆದ ಮೇಲೆ ಕಡಿಮೆಯಾಗುವುದು ದುಗ್ಧರಸ ನಿಂತ ಊತ. ಕುದುರೆ ಕುಂಟುವುದಿಲ್ಲ, ಮುಟ್ಟಿದರೆ ಕಾಲೆಳೆದುಕೊಳ್ಳುವುದಿಲ್ಲ. ವರ್ಷಗಟ್ಟಲೆ ಹೀಗೇ ಇದ್ದು ನಾರುಗಟ್ಟಿದ ಕಾಲು ಮಾತ್ರ ಬೆಳಗ್ಗೆ ಸಂಜೆ ಒಂದೇ ಗಾತ್ರದಲ್ಲಿರುತ್ತದೆ, ಬೆರಳು ಒತ್ತಿದರೆ ಗುಳಿ ಬೀಳುವುದಿಲ್ಲ. ಅದು ಇನ್ನು ಇಳಿಯದು. ಮಾಯ್ದ ಗಾಯ ಗಟ್ಟಿಯಾಗುತ್ತ ಹೋಗುವ ಹಂತಕ್ಕೆ ವರ್ಷವೇ ಹಿಡಿಯಬಹುದಾದ್ದರಿಂದ ಮೊದಲ ಕೆಲವು ತಿಂಗಳಲ್ಲೇ ಈ ತೀರ್ಪು ಕೊಡುವುದು ಅವಸರವಾಗುತ್ತದೆ.

ಕ್ಯಾನನ್ ಮೂಳೆಯ ಮುಂಭಾಗಕ್ಕೆ ಒದೆತ ಬಿದ್ದೋ ತಂತಿ ಕೊಯ್ದೋ ಮೂಳೆಯ ಮೇಲಿನ ಪೊರೆ ಕಿತ್ತುಹೋಗಿದ್ದರೆ ಎರಡು ಸಂಗತಿಗಳು ನಡೆಯಬಹುದು. ಪೊರೆ ಕೆರಳಿ ಹೊಸ ಮೂಳೆ ಬೆಳೆಸಿ ಗಟ್ಟಿ ಗಂಟು ಉಳಿಯುವುದು ಒಂದು, ಇದು ನಿರುಪದ್ರವಿ. ರಕ್ತ ಸಿಗದ ಮೇಲ್ಪದರದ ಮೂಳೆ ಸತ್ತು, ಚೂರಾಗಿ ಕಳಚಿ, ಒಳಗೇ ಕೂರುವುದು ಇನ್ನೊಂದು. ಈ ಸತ್ತ ಚೂರು ಇರುವವರೆಗೆ ಗಾಯ ಮಾಯುತ್ತದೆ, ಮತ್ತೆ ಒಡೆಯುತ್ತದೆ, ಮತ್ತೆ ಮಾಯುತ್ತದೆ. ಎಷ್ಟು ಆಂಟಿಬಯಾಟಿಕ್ ಕೊಟ್ಟರೂ ಅಷ್ಟೆ, ಏಕೆಂದರೆ ರಕ್ತ ಹೋಗದ ಜಾಗಕ್ಕೆ ಔಷಧವೂ ಹೋಗುವುದಿಲ್ಲ. ಮರದ ಸಿಬಿರು, ಜಾಲಿಮುಳ್ಳು, ತುಂಡಾದ ತಂತಿ ಒಳಗುಳಿದರೂ ಕಥೆ ಇದೇ.

ಇದ್ದಕ್ಕಿದ್ದಂತೆ ಒಂದು ರಾತ್ರಿಯಲ್ಲಿ ಕಾಲು ಎರಡರಷ್ಟಾಗಿ, ಸುಡುವಂತೆ ಬಿಸಿಯಾಗಿ, ಕುದುರೆ ಆ ಕಾಲು ಊರಲಾರದೆ ನಿಂತರೆ ಅದು ಸೆಲ್ಯುಲೈಟಿಸ್, ಅಂದರೆ ಚರ್ಮದಡಿಯ ಅಂಗಾಂಶದ ಸೋಂಕು. ಜ್ವರ ಇರುತ್ತದೆ, ಮೇವು ಬಿಟ್ಟಿರುತ್ತದೆ. ಹಳೆಯ ಗಾಯದ ಕಾಲಿಗೆ ಇದು ಬರುವ ಸಂಭವ ಹೆಚ್ಚು, ಅದರಲ್ಲೂ ಹಿಂಗಾಲಿಗೆ. ಅಮೆರಿಕ ಮತ್ತು ಕೆನಡಾದ ಪಶು ಆಸ್ಪತ್ರೆಗಳಿಂದ 2007 ಮತ್ತು 2008ರಲ್ಲಿ ಪ್ರಕಟವಾದ, ಕ್ರಮವಾಗಿ 44 ಮತ್ತು 63 ಕುದುರೆಗಳ ದಾಖಲೆಗಳನ್ನು ಆಧರಿಸಿದ ಎರಡು ವರದಿಗಳು ಈ ರೋಗದ ಬಗ್ಗೆ ಮತ್ತೆ ಮತ್ತೆ ಉಲ್ಲೇಖವಾಗುತ್ತವೆ. ಸೋಂಕಿಗೆ ಹೆಚ್ಚಾಗಿ ಕಾರಣವಾಗುವುದು ಸ್ಟೆಫೈಲೊಕಾಕಸ್ ಜಾತಿಯ ಬ್ಯಾಕ್ಟೀರಿಯಾ. ಗುಣವಾದ ಮೇಲೂ ಕಾಲು ಮೊದಲಿನಂತಾಗದೆ ಉಳಿಯುವುದು, ಸೋಂಕು ಪುನಃ ಬರುವುದು ಇದರ ಸ್ವಭಾವ. ಇನ್ನೂ ಭಯದ ತೊಡಕೆಂದರೆ ಭಾರವನ್ನೆಲ್ಲ ಹೊತ್ತ ಎದುರು ಕಾಲಿನಲ್ಲಿ ಗೊರಸಿನೊಳಗಿನ ಪದರಗಳು ಬಿಡುವುದು, ಅಂದರೆ ಲ್ಯಾಮಿನೈಟಿಸ್. 2006ರ ಕೆಂಟಕಿ ಡರ್ಬಿ ಗೆದ್ದ ಬಾರ್ಬರೋ ಅದೇ ಮೇ ತಿಂಗಳಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಮುರಿದ ಮೂಳೆ ಕೂಡಿಕೊಳ್ಳುತ್ತಿತ್ತು, ಲ್ಯಾಮಿನೈಟಿಸ್‌ನಿಂದಾಗಿ 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು.

ಗಾಯ ಕೀಲಿನ ಅಥವಾ ಸ್ನಾಯುರಜ್ಜಿನ ಕೋಶದ ಹತ್ತಿರ ಆಗಿದ್ದರೆ ಲೆಕ್ಕ ಬೇರೆ. ಮೇಲೆ ಅರ್ಧ ಇಂಚಿನ ಗಾಯ ಒಣಗಿ ಕಾಣುತ್ತಿರುತ್ತದೆ, ಒಳಗೆ ಕೀಲು ಕೀವುಗಟ್ಟುತ್ತಿರುತ್ತದೆ. ಕುಂಟು ವಿಪರೀತ, ಊತ ಅಷ್ಟಕ್ಕಷ್ಟೆ ಎಂಬ ಅಸಮತೋಲ ಕಂಡರೆ ಅದೇ ದಿನ ವೈದ್ಯರನ್ನು ಕರೆಸಬೇಕು. ಗಾಯದಿಂದ ದೂರದಲ್ಲಿ ಸೂಜಿ ಚುಚ್ಚಿ ಕೀಲಿಗೆ ಶುದ್ಧ ಲವಣಜಲ ತುಂಬಿಸುತ್ತಾರೆ. ಗಾಯದಿಂದ ಅದು ಹೊರಗೆ ಬಂತೆಂದರೆ ಕೀಲು ತೆರೆದಿದೆ ಎಂದರ್ಥ.

ಪರೀಕ್ಷೆ

ಉಪಕರಣಗಳಿಗೆ ಮೊದಲು ಕೈ. ಪರೀಕ್ಷಿಸುವವರು ಲಾಯದಿಂದ ಹೊರಗೆ, ಸಮತಟ್ಟಾದ ನೆಲದಲ್ಲಿ, ಬೆಳಕಿಗೆ ಕುದುರೆಯನ್ನು ನಿಲ್ಲಿಸಿಕೊಳ್ಳುತ್ತಾರೆ. ಮೊದಲು ಒಳ್ಳೆಯ ಕಾಲನ್ನು ಸವರಿ ನೋಡುವುದು ವಾಡಿಕೆ, ಇಲ್ಲದಿದ್ದರೆ ಕೆಟ್ಟ ಕಾಲಿನ ಬಿಸಿ ಎಷ್ಟು ಎಂಬುದು ಕೈಗೆ ಗೊತ್ತಾಗುವುದಿಲ್ಲ. ಹಸ್ತದ ಬೆನ್ನಿನಿಂದ ಮೇಲಿನಿಂದ ಕೆಳಕ್ಕೆ ಇಳಿಸಿಕೊಂಡು ಬಂದು, ಕ್ಯಾನನ್ ಮೂಳೆಯ ಮೇಲೆ ಹೆಬ್ಬೆರಳಿಟ್ಟು ಹತ್ತು ಎಣಿಸುವಷ್ಟು ಹೊತ್ತು ಒತ್ತಿ ತೆಗೆದಾಗ ಗುಳಿ ಹಾಗೇ ನಿಂತು ನಿಧಾನವಾಗಿ ತುಂಬಿದರೆ ಅದು ದ್ರವ. ಗುಳಿಯೇ ಬೀಳದಿದ್ದರೆ ನಾರು ಅಥವಾ ಮೂಳೆ. ಒತ್ತುವಾಗ ಕುದುರೆಯ ಕಿವಿ ಹಿಂದಕ್ಕೆ ಹೋಯಿತೋ, ಕಾಲು ಎತ್ತಿತೋ ಎಂಬುದನ್ನು ಲಗಾಮು ಹಿಡಿದ ಸೈಸ್ ನೋಡಿ ಹೇಳಬೇಕು. ಆಮೇಲೆ ಮಾಯ್ದ ಗಾಯದ ಮೇಲೆ ಕೂದಲನ್ನು ಎದುರು ದಿಕ್ಕಿಗೆ ಬಾಚಿ ಹುಡುಕುತ್ತಾರೆ. ಎಷ್ಟೋ ಸಲ ಸಿಗುವುದು ರಾಗಿಕಾಳಿನಷ್ಟು ಅಗಲದ ಒಂದು ತೂತು, ಅದರ ಬಾಯಿಗೆ ಒಣಗಿ ಹಳದಿಗಟ್ಟಿದ ಹಕ್ಕಳೆ, ಕೆಳಗಿನ ನಾಲ್ಕಾರು ಕೂದಲು ಅಂಟಿಕೊಂಡಿರುವುದು. ಹಕ್ಕಳೆ ಬಿಡಿಸಿದರೆ ಒಂದು ಹನಿ ಕೀವು. ಶುದ್ಧಗೊಳಿಸಿದ ಲೋಹದ ಕಡ್ಡಿಯನ್ನು ವೈದ್ಯರು ಒಳಗೆ ಬಿಟ್ಟಾಗ ತುದಿ ಗಟ್ಟಿಯಾದದ್ದಕ್ಕೆ ತಾಗಿ ಟಿಕ್ಕೆಂದರೆ ಊತದ ಕಾರಣ ಅಲ್ಲಿದೆ. ಕೀವು ಇಲ್ಲದಿದ್ದರೂ, ಅದೇ ಜಾಗ ತಿಂಗಳಿಗೊಮ್ಮೆ ಒಡೆದು ಒಣಗುತ್ತದೆ ಎಂದು ಸೈಸ್ ಹೇಳಿದ ಮಾತಿಗೆ ಅಷ್ಟೇ ಬೆಲೆ ಇದೆ.

ಊತ ಒಂದೇ ಕಾಲಿನಲ್ಲಿದೆಯೋ, ಎರಡರಲ್ಲೋ, ನಾಲ್ಕರಲ್ಲೋ ಎಂಬುದು ಮುಂದಿನ ಪ್ರಶ್ನೆ. ನಾಲ್ಕೂ ಕಾಲು ಊದಿದ್ದರೆ ಹಳೆಯ ಗಾಯವನ್ನು ಮರೆತು ಹೃದಯ, ಯಕೃತ್ತು, ಮೂತ್ರಪಿಂಡ, ಹೊಟ್ಟೆಯ ಹುಳು, ರಕ್ತದ ಪ್ರೋಟೀನು ಕುಸಿತ ಇವುಗಳ ಕಡೆಗೆ ನೋಡಬೇಕು. ಗುದದ್ವಾರದಲ್ಲಿ ಅಳೆದ ತಾಪಮಾನ ಸಾಮಾನ್ಯವಾಗಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28ರಿಂದ 44. ಇವು ಏರಿದ್ದರೆ ಸೋಂಕಿನ ಶಂಕೆ. ಕಾಲಿನ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಒಂದು ಗೊತ್ತಾದ ಜಾಗದಲ್ಲಿ ಬೆಳಗ್ಗೆ ಮತ್ತು ಸಂಜೆ ಅಳೆದು ಬರೆದಿಡುವುದು ಅಗ್ಗದ, ಆದರೆ ಬಹಳ ಕಡೆ ಯಾರೂ ಮಾಡದ ಪರೀಕ್ಷೆ. ಕಣ್ಣಂದಾಜಿನಲ್ಲಿ ಊತ ಪ್ರತಿವಾರವೂ ಕಡಿಮೆಯಾಗುತ್ತಲೇ ಇರುತ್ತದೆ.

ಎಕ್ಸ್‌ರೇಯಲ್ಲಿ ಮೂಳೆಚೂರು ಕಾಣುತ್ತದೆ, ಆದರೆ ಗಾಯವಾದ ಮೊದಲ ವಾರದಲ್ಲೇ ಕಾಣುವುದಿಲ್ಲ. ಸತ್ತ ಭಾಗ ಸುತ್ತಲಿನ ಮೂಳೆಯಿಂದ ಬೇರ್ಪಟ್ಟು ಗೆರೆ ಮೂಡಲು ಎರಡು ಮೂರು ವಾರ ಬೇಕು. ಮೊದಲ ಚಿತ್ರ ಚೆನ್ನಾಗಿದೆ ಎಂದು ಸುಮ್ಮನಾದ ಕಡೆಯೇ ಈ ರೋಗ ತಪ್ಪಿಸಿಕೊಳ್ಳುವುದು. ಮರದ ಸಿಬಿರು, ಮುಳ್ಳು ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ, ಅದಕ್ಕೆ ಅಲ್ಟ್ರಾಸೌಂಡ್ ಬೇಕು. ಸ್ನಾಯುರಜ್ಜಿನ ಎಳೆಗಳು ಹರಿದಿವೆಯೇ, ದ್ರವ ಎಲ್ಲಿ ನಿಂತಿದೆ, ಅದು ತಿಳಿನೀರೋ ಕೀವೋ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ.

ಚಿಕಿತ್ಸೆ

ದುಗ್ಧರಸ ನಿಂತ ಊತಕ್ಕೆ ಮೊದಲ ಮದ್ದು ನಡಿಗೆ. ದಿನಕ್ಕೆ ಒಮ್ಮೆ ಗಂಟೆಗಟ್ಟಲೆ ಓಡಿಸುವುದಕ್ಕಿಂತ ಎರಡು ಮೂರು ಸಲ ಕೈಯಲ್ಲಿ ಹಿಡಿದು ಅರ್ಧರ್ಧ ಗಂಟೆ ನಡೆಸುವುದು ಮೇಲು; ಬಯಲಿನಲ್ಲಿ ಬಿಟ್ಟು ಮೇಯಿಸಿದರೆ ಇನ್ನೂ ಮೇಲು. ಗಾಯವಾದ ಕುದುರೆಗೆ ವಿಶ್ರಾಂತಿ ಬೇಕೆಂದು ತಿಂಗಳುಗಟ್ಟಲೆ ಲಾಯದಲ್ಲಿ ನಿಲ್ಲಿಸುವ ಪದ್ಧತಿ ಹೊಲಿಗೆ ಇರುವಷ್ಟು ದಿನ ಸರಿ, ಆಮೇಲೆ ಅದರಿಂದ ಕಾಲು ಕೆಡುತ್ತದೆ. ಸ್ನಾಯುರಜ್ಜು ಅಥವಾ ಕೀಲಿಗೆ ಪೆಟ್ಟಾಗಿದ್ದರೆ ಮಾತ್ರ ನಡಿಗೆಯ ಅಳತೆಯನ್ನು ವೈದ್ಯರೇ ಗೊತ್ತುಮಾಡಬೇಕು.

ತಣ್ಣೀರಿನ ಪೈಪನ್ನು 15ರಿಂದ 20 ನಿಮಿಷ ಹಿಡಿಯುವುದು ಬಿಸಿಯಿರುವ ಊತಕ್ಕೆ ಉಪಯುಕ್ತ. ತಣ್ಣಗಿನ ಹಳೆಯ ಊತಕ್ಕೆ ಅದರಿಂದ ಆಗುವ ಪ್ರಯೋಜನ ಕಡಿಮೆ, ದಿನವೂ ನೆನೆಸಿ ಒರೆಸದೆ ಬಿಟ್ಟರೆ ಗೊರಸಿನ ಮೇಲಿನ ಚರ್ಮ ಬಿರಿದು ಹೊಸ ಸೋಂಕಿಗೆ ಬಾಗಿಲಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ಬಿರುಕು ನೀರು ಹಿಡಿಯದೆಯೂ ಬರುತ್ತದೆ.

ಕಾಲಿಗೆ ಪಟ್ಟಿ ಕಟ್ಟುವುದು ಒಂದು ಕಸುಬು. ಮೊದಲು ದಪ್ಪನೆಯ ಹತ್ತಿ ಅಥವಾ ಮೆತ್ತೆ, ಕಾಲಿಗೆ ಸುಕ್ಕಿಲ್ಲದೆ ಸುತ್ತಿ, ಅದರ ಮೇಲೆ ಹೆಚ್ಚು ಹಿಗ್ಗದ ಪಟ್ಟಿ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ಬಿಗಿ ಕೆಳಗೆ ಹೆಚ್ಚು, ಮೇಲೆ ಹೋದಂತೆ ಕಡಿಮೆ ಆಗಬೇಕು. ಪಟ್ಟಿ ಫೆಟ್‌ಲಾಕ್‌ನ ಮೇಲೇ ನಿಂತುಬಿಟ್ಟರೆ ದ್ರವ ಕೆಳಗೆ ಇಳಿದು ಗೊರಸಿನ ಮೇಲೆ ಉಬ್ಬುತ್ತದೆ, ಆದ್ದರಿಂದ ಗೊರಸಿನ ಅಂಚಿನವರೆಗೆ ಇಳಿಸಿ ಕಟ್ಟುತ್ತಾರೆ. ಮೆತ್ತೆ ತೆಳುವಾಗಿ ಪಟ್ಟಿ ಬಿಗಿಯಾದರೆ ಹಿಂದಿನ ಸ್ನಾಯುರಜ್ಜಿಗೆ ಪೆಟ್ಟಾಗಿ ಇಲ್ಲದ ರೋಗ ತಂದುಕೊಂಡಂತೆ. ದಿನಕ್ಕೊಮ್ಮೆ ಬಿಚ್ಚಿ ಚರ್ಮ ನೋಡಿ ಮತ್ತೆ ಕಟ್ಟಬೇಕು. ರಾತ್ರಿ ಪಟ್ಟಿ, ಹಗಲು ನಡಿಗೆ ಎಂಬ ಕ್ರಮ ಬಹಳ ಕುದುರೆಗಳಿಗೆ ಸಾಕಾಗುತ್ತದೆ.

ಕೈಯಿಂದ ದುಗ್ಧರಸ ಮೇಲೇರಿಸುವ ಮೃದು ಮಾಲೀಸನ್ನು ಡೆನ್ಮಾರ್ಕಿನ ಎಮಿಲ್ ವೋಡರ್ 1930ರ ದಶಕದಲ್ಲಿ ಮನುಷ್ಯರಿಗಾಗಿ ರೂಪಿಸಿದರು. ಹ್ಯಾನೋವರಿನ ಡಿರ್ಕ್ ಬೆರೆನ್ಸ್ ಫಾನ್ ರೌಟೆನ್‌ಫೆಲ್ಡ್ ಮತ್ತು ಸಂಗಡಿಗರು ಅದನ್ನು ಕುದುರೆಗೆ ಹೊಂದಿಸಿದರು. ತೊಡೆಸಂದಿನ ಕಡೆಯಿಂದ ಶುರುಮಾಡಿ ಮೊದಲು ಮೇಲಿನ ದಾರಿ ಖಾಲಿ ಮಾಡಿಸಿ, ಆಮೇಲೆ ಕೆಳಗಿನದನ್ನು ಮೇಲಕ್ಕೆ ತರುವುದು ಇದರ ಕ್ರಮ. ನಮ್ಮಲ್ಲಿ ಮಾಲೀಸು ಎಂದರೆ ಜೋರಾಗಿ ತಿಕ್ಕುವುದು. ಆ ರಭಸ ಇಲ್ಲಿ ಸಲ್ಲದು. ಉಳಿದಿರುವ ನಾಳಗಳಿಗೂ ಅದರಿಂದ ಹಾನಿ.

ನೀರು ಇಳಿಸುವ ಮಾತ್ರೆ ಮತ್ತು ಇಂಜೆಕ್ಷನ್ ಬಗ್ಗೆ ಒಂದು ಮಾತು. ಮೂತ್ರ ಹೆಚ್ಚಿಸುವ ಔಷಧ ರಕ್ತದಿಂದ ನೀರು ತೆಗೆಯುತ್ತದೆ, ಅಂಗಾಂಶದಲ್ಲಿ ಕೂತ ಪ್ರೋಟೀನನ್ನು ತೆಗೆಯುವುದಿಲ್ಲ. ಕಾಲು ಒಂದು ದಿನ ಸಣ್ಣಗಾಗಿ ಮಾರನೆಯ ದಿನ ಮೊದಲಿನಂತಾಗುತ್ತದೆ. ಆದರೂ ಇದನ್ನು ಬರೆದುಕೊಡುವವರಿಗೂ ಕೇಳಿ ಪಡೆಯುವವರಿಗೂ ಕೊರತೆಯಿಲ್ಲ. ಉರಿಯೂತ ಶಮನಕ್ಕೆ ಫಿನೈಲ್‌ಬ್ಯೂಟಜೋನ್, ಫ್ಲುನಿಕ್ಸಿನ್, ಮೆಲಾಕ್ಸಿಕಾಮ್ ಬಳಕೆಯಲ್ಲಿವೆ. ಓಟದ ಕುದುರೆಯ ಮೈಯಲ್ಲಿ ಇವು ಪತ್ತೆಯಾದರೆ ನಿಯಮಭಂಗ. ಡೈಕ್ಲೋಫೆನಾಕನ್ನು ಪ್ರಾಣಿಗಳಿಗೆ ಕೊಡುವುದನ್ನು ಭಾರತ 2006ರಲ್ಲಿ ನಿಷೇಧಿಸಿತು, ಏಕೆಂದರೆ ಆ ಔಷಧ ಉಳಿದ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು.

ಸೆಲ್ಯುಲೈಟಿಸ್‌ಗೆ ಆಂಟಿಬಯಾಟಿಕ್ ತಡಮಾಡದೆ ಕೊಡಬೇಕು, ಜ್ವರ ಬಿಟ್ಟ ದಿನವೇ ನಿಲ್ಲಿಸಬಾರದು. ಮೂಳೆಚೂರು, ಮುಳ್ಳು ಇದ್ದರೆ ಶಸ್ತ್ರಚಿಕಿತ್ಸೆ. ಚೂರು ತೆಗೆದ ಮೇಲೆ ತಿಂಗಳುಗಟ್ಟಲೆ ಒಡೆಯುತ್ತಿದ್ದ ಗಾಯ ಕೆಲವೇ ವಾರಗಳಲ್ಲಿ ಮಾಯುವುದುಂಟು. ಧನುರ್ವಾಯುವಿಗೆ ಸಾಕುಪ್ರಾಣಿಗಳಲ್ಲಿ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಇನ್ನೊಂದಿಲ್ಲ, ಆದ್ದರಿಂದ ಎಷ್ಟೇ ಹಳೆಯ ಗಾಯವಾದರೂ ಅದರ ಲಸಿಕೆ ಆಗಿದೆಯೇ ಎಂದು ವಿಚಾರಿಸಬೇಕು.

ತಪ್ಪಾಗಿ ತಿಳಿಯಬಹುದಾದ ರೋಗಗಳು

ಕಾಲಿನ ಒಳಬದಿಯಲ್ಲಿ ದುಗ್ಧನಾಳದ ಗುಂಟ ಸಾಲಾಗಿ ಗಂಟುಗಳೆದ್ದು, ಒಡೆದು, ಜೇನಿನ ಬಣ್ಣದ ಅಂಟು ಸೋರಿದರೆ ಅದನ್ನು ಹಳೆಯ ಗಾಯದ ಊತವೆಂದು ತಳ್ಳಿಹಾಕುವಂತಿಲ್ಲ. ಅದು ಗ್ಲಾಂಡರ್ಸ್ ರೋಗದ ಚರ್ಮರೂಪವಾದ ಫಾರ್ಸಿ ಆಗಿರಬಹುದು. ಅದರ ಬ್ಯಾಕ್ಟೀರಿಯಾವನ್ನು ಲೋಫ್ಲರ್ ಮತ್ತು ಶ್ಯುಟ್ಜ್ 1882ರಲ್ಲಿ ಬರ್ಲಿನಿನಲ್ಲಿ ಗುರುತಿಸಿದರು. ಮನುಷ್ಯರಿಗೂ ತಗಲಿ ಕೊಲ್ಲುವ ರೋಗ ಇದು. ಭಾರತದಲ್ಲಿ ಇದಕ್ಕೆಂದೇ 1899ರ ಕಾಯಿದೆ ಇತ್ತು, ಈಗ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ 2009ರ ಕಾಯಿದೆಯಡಿ ಶಂಕೆ ಬಂದ ಕೂಡಲೇ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ರಕ್ತದ ಮಾದರಿ ಹರಿಯಾಣದ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗುತ್ತದೆ. ಇಥಿಯೋಪಿಯದ ಗಾಡಿಕುದುರೆಗಳನ್ನು ಕಾಡುವ ಶಿಲೀಂಧ್ರದ ದುಗ್ಧನಾಳರೋಗವೂ ನೋಡಲು ಹೀಗೇ ಇರುತ್ತದೆ. ಮಳೆಗಾಲದಲ್ಲಿ ಎದ್ದು ಚಳಿಗಾಲಕ್ಕೆ ಇಳಿಯುವ, ದುರ್ಮಾಂಸದಂತೆ ಕಾಣುವ ಹುಣ್ಣನ್ನು ಬ್ರಿಟಿಷ್ ಕಾಲದ ಸೇನಾ ಪಶುವೈದ್ಯರು ಬರ್ಸಾತಿ ಎಂದು ಕರೆದಿದ್ದರು. ನೊಣ ಹರಡುವ ಹುಳು ಮತ್ತು ನಿಂತ ನೀರಿನ ಪಿಥಿಯಮ್ ಎಂಬ ಸೂಕ್ಷ್ಮಜೀವಿ ಅದರ ಕಾರಣಗಳೆಂದು ಆಮೇಲೆ ಬೇರ್ಪಡಿಸಲಾಯಿತು.

ಶೈರ್, ಕ್ಲೈಡ್ಸ್‌ಡೇಲ್, ಬೆಲ್ಜಿಯನ್ ಮುಂತಾದ ಭಾರಿ ತಳಿಗಳಲ್ಲಿ ಗಾಯವಿಲ್ಲದೆಯೇ ಕಾಲುಗಳು ವರ್ಷ ವರ್ಷವೂ ದಪ್ಪವಾಗಿ ಮಡಿಕೆಗಟ್ಟುವ ಒಂದು ದುಗ್ಧನಾಳರೋಗವಿದೆ. ಕ್ಯಾಲಿಫೋರ್ನಿಯಾದ ಡೇವಿಸ್‌ನ ಸಂಶೋಧಕರು 2003ರಲ್ಲಿ ಅದನ್ನು ವಿವರಿಸಿದರು. ಭಾರತದ ಮಾರ್ವಾಡಿ, ಕಾಠಿಯಾವಾಡಿಗಳಂಥ ಹಗುರ ಮೈಕಟ್ಟಿನ ಕುದುರೆಗಳಿಗೆ ಇದು ಸಂಬಂಧಿಸಿದ್ದಲ್ಲ.

ಹಳೆಯ ಪದ್ಧತಿಗಳು

ಯುರೋಪಿನ ನೇಗಿಲು ಮತ್ತು ಗಾಡಿಯ ಕುದುರೆಗಳಲ್ಲಿ ಸೋಮವಾರ ಬೆಳಗ್ಗೆ ಒಂದು ಹಿಂಗಾಲು ಭಾರಿಯಾಗಿ ಊದಿರುವುದನ್ನು ರೈತರು ಬಹಳ ಹಿಂದೆಯೇ ಗಮನಿಸಿ ಸೋಮವಾರದ ಕಾಲು ಎಂದು ಹೆಸರಿಟ್ಟಿದ್ದರು. ಆರು ದಿನ ದುಡಿದ ಕುದುರೆ ಭಾನುವಾರ ಲಾಯದಲ್ಲಿ ನಿಂತು ಪೂರ್ತಿ ಓಟ್ಸ್ ತಿನ್ನುತ್ತಿತ್ತು. ದಾಣಿಯೇ ಕಾರಣವೆಂದು ಹಿಂದಿನವರು ನಂಬಿದ್ದರು, ನಿಂತಿದ್ದೇ ಹೆಚ್ಚಿನ ಕಾರಣವೆಂದು ಈಗಿನ ತಿಳಿವಳಿಕೆ. ಅದೇನಿದ್ದರೂ ಕೆಲಸವಿಲ್ಲದ ದಿನ ದಾಣಿ ಕಡಿಮೆ ಮಾಡುವ ನಿಯಮ ಒಳ್ಳೆಯದೇ. ಮೈಸೂರಿನ ಟಾಂಗಾ ಕುದುರೆಗೆ ಹುರುಳಿ ಹಾಕುವವರಿಗೂ ಅದು ಅನ್ವಯ.

ಕನ್ನಡದಲ್ಲಿ ಕುದುರೆಯ ವೈದ್ಯವನ್ನೇ ವಿಷಯವಾಗಿ ಉಳ್ಳ ಹಳೆಯ ಕೃತಿಗಳಿವೆ. ಅಭಿನವಚಂದ್ರನ ಅಶ್ವವೈದ್ಯ ಮತ್ತು 17ನೇ ಶತಮಾನದ ಪದ್ಮಣಪಂಡಿತನ ಹಯಸಾರಸಮುಚ್ಚಯ ಇವುಗಳಲ್ಲಿ ಸೇರಿವೆ. ಹಳ್ಳಿಗಳಲ್ಲಿ ಇಂದಿಗೂ ದನಕ್ಕೆ, ಕುದುರೆಗೆ ಕಾಲೂದಿದರೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವುದುಂಟು. ಈ ಪದ್ಧತಿ ನಮ್ಮದೊಂದೇ ಅಲ್ಲ, ಇಂಗ್ಲೆಂಡಿನ ರೇಸ್ ಕುದುರೆಗಳಿಗೂ ನೂರಾರು ವರ್ಷ ಬರೆ ಹಾಕುತ್ತಿದ್ದರು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಇಯಾನ್ ಸಿಲ್ವರ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೆಯಿಂದ ಸ್ನಾಯುರಜ್ಜಿಗೆ ಯಾವ ಲಾಭವೂ ಕಾಣಲಿಲ್ಲ. ದುಗ್ಧರಸದ ಊತಕ್ಕೆ ಬರೆ ಹಾಕುವುದೆಂದರೆ ಅಳಿದುಳಿದ ನಾಳಗಳನ್ನೂ ಸುಟ್ಟಂತೆ. ಚರ್ಮ ಬೊಬ್ಬೆ ಏಳಿಸುವ ಖಾರದ ಮುಲಾಮುಗಳಿಗೂ ಇದೇ ಮಾತು.

ಮುಂದಿನ ಬಾಳು ಮತ್ತು ಮಾರಾಟ

ಊತ ತಣ್ಣಗಿದ್ದು, ಕುಂಟು ಇಲ್ಲದಿದ್ದರೆ ಕುದುರೆ ಸವಾರಿಗೆ, ಗಾಡಿಗೆ, ತಳಿ ಸಾಕಣೆಗೆ ಒದಗುತ್ತದೆ. ಎತ್ತರದ ಜಿಗಿತ, ಓಟ ಇವುಗಳಿಗೆ ಬಿಡುವ ಮುನ್ನ ಸ್ನಾಯುರಜ್ಜುಗಳ ಅಲ್ಟ್ರಾಸೌಂಡ್ ಆಗಿರಬೇಕು. ಸೆಲ್ಯುಲೈಟಿಸ್ ಒಮ್ಮೆ ಬಂದ ಕಾಲನ್ನು ಸಣ್ಣ ತರಚಿಗೂ ದಿನವೂ ನೋಡಿಕೊಳ್ಳಬೇಕು, ದೂರ ಪ್ರಯಾಣಕ್ಕೆ ಲಾರಿ ಹತ್ತಿಸುವಾಗ ಪಟ್ಟಿ ಕಟ್ಟಿ ನಡುನಡುವೆ ಇಳಿಸಿ ನಡೆಸಬೇಕು.

ಕುದುರೆ ಕೊಳ್ಳುವಾಗ ಕೆಲಸಕ್ಕೆ ಅಡ್ಡಿಯಾಗದ ಗುರುತನ್ನು ನೋಟದ ಕುಂದೆಂದೂ, ಅಡ್ಡಿಯಾಗುವುದನ್ನು ದೋಷವೆಂದೂ ಬೇರೆ ಬೇರೆ ಲೆಕ್ಕ ಹಿಡಿಯುತ್ತಾರೆ. ಗಾಯದ ಹಳೆಯ ಊತ ಇವೆರಡರ ಗಡಿಯಲ್ಲಿದೆ. ಮಾರುವವರು ಬೆಳಗ್ಗೆಯೇ ಎರಡು ಗಂಟೆ ನಡೆಸಿ, ಪಟ್ಟಿ ಬಿಚ್ಚಿದ ಕೂಡಲೇ ತೋರಿಸಿದರೆ ಕಾಲು ತೆಳ್ಳಗೇ ಕಾಣುತ್ತದೆ. ಆದ್ದರಿಂದ ಕೊಳ್ಳುವವರು ಹಿಂದಿನ ರಾತ್ರಿ ಪಟ್ಟಿಯಿಲ್ಲದೆ ಲಾಯದಲ್ಲಿ ಕಟ್ಟಿಸಿ, ಮುಂಜಾನೆ ಕುದುರೆ ಹೊರಗೆ ಕಾಲಿಡುವ ಮೊದಲೇ ಹೋಗಿ ಕಾಲು ಮುಟ್ಟಿ ನೋಡಬೇಕು.